ಮಳೆಯ ಊರಿಂದ ಗಾಳಿಯ ಊರಿಗೆ

ನಮ್ಮವರಿಗೆ ತೀರ್ಥಹಳ್ಳಿಯಿಂದ ಹೊಸಪೇಟೆಗೆ ವರ್ಗವಾದದ್ದು 2022ರ ಬೇಸಿಗೆಯಲ್ಲಿ. ಸುದ್ದಿ ಕೇಳಿ ಅತ್ತೆ ಒಂದೇ ಮಾತು ಹೇಳಿದರು: "ಒಂದು ವರ್ಷ ನೋಡ್ತೀನಿ. ಒಗ್ಗದಿದ್ರೆ ವಾಪಸ್ ಬರೋಳೇ." ಮೂರನೇ ತರಗತಿಗೆ ಹೋಗಬೇಕಿದ್ದ ಮಗಳದ್ದು ಬೇರೆಯೇ ಪ್ರಶ್ನೆ. "ಅಮ್ಮ, ಅಲ್ಲಿ ಹಿಮ ಬೀಳುತ್ತಾ?"

ಅವಳನ್ನು ನೋಡಿ ನಗಬೇಡಿ. ಅವಳ ಚಿಕ್ಕಪ್ಪ ಸೈನ್ಯದಲ್ಲಿದ್ದಾರೆ, ಆಗ ಲೇಹ್‌ನಲ್ಲಿದ್ದರು. ಲೇಹ್ ಒಣ ಊರು, ಗಾಳಿಯ ಊರು, ಚಳಿಗಾಲದಲ್ಲಿ ಹಿಮ ಬೀಳುವ ಊರು ಎಂದು ಫೋನಿನಲ್ಲಿ ಕಥೆ ಹೇಳುತ್ತಿದ್ದರು. ಹೊಸಪೇಟೆಯೂ ಒಣ ಊರು, ಗಾಳಿಯ ಊರು ಎಂದು ನಾವು ಮಾತಾಡಿಕೊಳ್ಳುವುದು ಅವಳ ಕಿವಿಗೆ ಬಿದ್ದಿತ್ತು. ಮೂರರಲ್ಲಿ ಎರಡು ಕೂಡಿದ ಮೇಲೆ ಮೂರನೆಯದೂ ಇರಲೇಬೇಕಲ್ಲ!

ಮೇ ತಿಂಗಳ ಕೊನೆಯಲ್ಲಿ ಸಾಮಾನು ಹೇರಿಕೊಂಡು ಹೊರಟೆವು. ಶಿವಮೊಗ್ಗ ದಾಟಿದ ಮೇಲೆ ಅಡಿಕೆ ತೋಟ ತೆಳ್ಳಗಾಗುತ್ತಾ ಬಂತು. ಹರಿಹರ, ಹರಪನಹಳ್ಳಿ ಕಳೆಯುವಷ್ಟರಲ್ಲಿ ಮರಗಳಿಗಿಂತ ಆಕಾಶವೇ ಹೆಚ್ಚು. "ಏನೇ ಇದು, ಇಲ್ಲಿ ಕಣ್ಣಿಗೆ ಅಡ್ಡ ಬರೋದು ಏನೂ ಇಲ್ವಲ್ಲ" ಎಂದರು ಅತ್ತೆ. ಬೆಟ್ಟ, ಮರ, ಮೋಡ ಮೂರೂ ಅಡ್ಡ ಇರುವ ಊರಲ್ಲಿ ಹುಟ್ಟಿ ಬೆಳೆದವರು ಅವರು.

ಮೊದಲ ತಿಂಗಳು ಕಷ್ಟವೇ ಆಯಿತು. ಹಗಲೆಲ್ಲ ಕಾದ ಗೋಡೆ ರಾತ್ರಿ ಹನ್ನೊಂದಾದರೂ ಬಿಸಿ. ಮಗಳಿಗೆ ಎರಡು ಸಲ ಮೂಗಿನಲ್ಲಿ ರಕ್ತ ಬಂತು. ಒಣಗಾಳಿಗೆ ಮೂಗಿನ ಒಳಪದರ ಬಿರಿಯುತ್ತದೆ, ಗಾಬರಿ ಬೇಡ ಎಂದು ಡಾಕ್ಟರು ಹೇಳಿದರು. ಅತ್ತೆಯ ಹಿಮ್ಮಡಿ ಒಡೆಯಿತು. ಆಷಾಢ ಬರುತ್ತಲೇ ಗಾಳಿ ಶುರು. ಬಾಗಿಲು ದಢಾರೆಂದು ಬಡಿಯುತ್ತಿತ್ತು. ಕಸ ಗುಡಿಸಿ ಬೆನ್ನು ತಿರುಗಿಸಿದರೆ ನೆಲದ ಮೇಲೆ ಮತ್ತೆ ನವಿರಾದ ಕೆಂಪು ಧೂಳು. ಮಗಳು ಕಿಟಕಿಯ ಕಟ್ಟೆಯ ಮೇಲೆ ಬೆರಳಿಂದ ತನ್ನ ಹೆಸರು ಬರೆದು, "ನೋಡಮ್ಮ, ಇದೇ ಇಲ್ಲಿನ ಹಿಮ" ಎಂದಳು.

ಪಕ್ಕದ ಮನೆಯ ಅಜ್ಜಿ ನಮಗೆ ಈ ಊರನ್ನು ಕಲಿಸಿದರು. ಬೆಳಿಗ್ಗೆ ಹತ್ತಕ್ಕೆಲ್ಲ ಕಿಟಕಿ ಹಾಕಬೇಕು, ಸಂಜೆ ಆರಕ್ಕೆ ತೆಗೆಯಬೇಕು. ನೀರಿನ ಮಡಕೆಯ ಕೆಳಗೆ ಒದ್ದೆ ಮರಳು ಹಾಕಬೇಕು. ಸೆಕೆಗಾಲದಲ್ಲಿ ಮಾಳಿಗೆಯ ಮೇಲೆ ಒಂದೆರಡು ಕೊಡ ನೀರು ಚೆಲ್ಲಿ ಚಾಪೆ ಹಾಸಬೇಕು. "ಗಾಳಿಗ್ಯಾಕ ಬೈತೀರಿ ಯಮ್ಮಾ? ಆ ಗಾಳಿ ಇಲ್ದಿದ್ರ ಇಲ್ಲಿ ಮನುಷಾರು ಇರಾಕ ಆಗ್ತಿತ್ತೇನು?" ಎಂದು ಅತ್ತೆಯನ್ನೇ ಕೇಳಿದರು. ಬಟ್ಟೆಯ ವಿಷಯದಲ್ಲಂತೂ ಅತ್ತೆ ತಕರಾರಿಲ್ಲದೆ ಸೋತರು. ನಮ್ಮೂರಲ್ಲಿ ಮಳೆಗಾಲ ಬಂತೆಂದರೆ ಸೀರೆ ನಾಲ್ಕು ದಿನವಾದರೂ ಹಸಿಹಸಿ. ಒಲೆಯ ಮೇಲೆ ತಂತಿ ಕಟ್ಟಿ, ಹೊಗೆವಾಸನೆ ಹಿಡಿಸಿಕೊಂಡು ಒಣಗಿಸುತ್ತಿದ್ದೆವು. ಇಲ್ಲಿ ಕೊನೆಯ ಸೀರೆ ಹರವುವ ಹೊತ್ತಿಗೆ ಮೊದಲನೆಯದು ಗರಿಗರಿ.

ಈ ಊರು ಯಾಕೆ ಇಷ್ಟು ಒಣ? ಮಗಳ ಈ ಪ್ರಶ್ನೆಗೆ ಉತ್ತರ ಕೊಟ್ಟದ್ದೂ ಅವಳ ಚಿಕ್ಕಪ್ಪನೇ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ತಣ್ಣಗಾಗಿ ಹೊತ್ತ ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ. ಹಾಗಾಗಿ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟ ಇಳಿದು ಹೊಸಪೇಟೆ ಮುಟ್ಟುವಾಗ ಉಳಿಯುವುದು ಬರೀ ಗಾಳಿ. ಇಲ್ಲಿನ ಮಳೆ ಅದರ ಹತ್ತನೇ ಒಂದು ಪಾಲಿನಷ್ಟು. ಲೇಹ್‌ನ ಕಥೆಯೂ ಇದೇ. ಅಲ್ಲಿ ಅಡ್ಡ ನಿಂತಿರುವುದು ಹಿಮಾಲಯ, ವರ್ಷಕ್ಕೆ ಬೀಳುವುದು 100 ಮಿಲಿಮೀಟರಿನ ಆಸುಪಾಸು. ಹಾಗಾದರೆ ಲೇಹ್‌ನಲ್ಲಿ ಬಾರ್ಲಿ ಬೆಳೆಯುವುದು ಹೇಗೆ? ಮೇಲಿನ ಬೆಟ್ಟದ ಹಿಮ ಕರಗಿದ ನೀರನ್ನು ಸಣ್ಣ ಕಾಲುವೆಗಳಲ್ಲಿ ಹೊಲಕ್ಕೆ ತರುತ್ತಾರಂತೆ. ಯಾರ ಹೊಲಕ್ಕೆ ಯಾವಾಗ ನೀರು ಎಂದು ನೋಡಿಕೊಳ್ಳಲು ಹಳ್ಳಿಯೇ ಒಬ್ಬರನ್ನು ನೇಮಿಸುತ್ತದೆ. ಅವರಿಗೆ 'ಚುರ್ಪೊನ್' ಎನ್ನುತ್ತಾರೆ.

"ಹಂಗಾದ್ರೆ ನಮಗೂ ಎಲ್ಲಿಂದಲೋ ನೀರು ಬರಬೇಕಲ್ವಾ?" ಎಂದಳು ಮಗಳು.

ಬರುತ್ತದೆ. ಎಲ್ಲಿಂದ ಎಂದು ತಿಳಿದ ದಿನ ಅತ್ತೆಯ ಮುಖ ನೋಡಬೇಕಿತ್ತು. ಒಂದು ಸಂಜೆ ತುಂಗಭದ್ರಾ ಅಣೆಕಟ್ಟೆ ನೋಡಲು ಹೋಗಿದ್ದೆವು. 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ಮುಗಿದ ಕಟ್ಟೆ ಅದು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ, 33 ಗೇಟು. ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು; ಹೂಳು ತುಂಬಿ ಈಗ ಸುಮಾರು 105. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೆಕ್ಕ ಹಾಕುವ ಮಕ್ಕಳು ಹಾಕಿಕೊಳ್ಳಿ. ಸಮುದ್ರದಂತೆ ಹರಡಿದ್ದ ನೀರನ್ನು ನೋಡುತ್ತಾ ನಮ್ಮವರು ಹೇಳಿದರು, "ಅಮ್ಮಾ, ನಮ್ಮ ಮನೆ ಹಿಂದೆ ಹರಿಯೋ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನ ಸೇರಿ ಇಲ್ಲಿಗೇ ಬರೋದು." ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೆಳಗೆ ನದಿಯ ಬಳಿಗೆ ಹೋಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಅಲ್ಲಿಂದ ಮುಂದೆ ನಾವು ಸುತ್ತಾಡಿದ್ದೆಲ್ಲ ನೀರಿನ ಹಿಂದೆಯೇ. ಹಂಪಿಗೆ ಎಲ್ಲರೂ ಕಲ್ಲಿನ ರಥ ನೋಡಲು ಹೋಗುತ್ತಾರೆ, ನಾವೂ ಹೋದೆವು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಮಹಾನವಮಿ ದಿಬ್ಬದ ಹತ್ತಿರ ಕಲ್ಲಿನ ಕಂಬಗಳ ಮೇಲೆ ಸಾಗುವ ಕಲ್ಲಿನ ದೋಣಿ, ಅಂದರೆ ನೀರು ಹರಿಸುವ ಕಾಲುವೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪುಷ್ಕರಣಿಯ ಪಕ್ಕದಲ್ಲೇ ಇದೆ. ಮಗಳು ಅದರ ಕೆಳಗೆ ನುಸುಳಿ ನುಸುಳಿ ಆಡಿದಳು. ವಿಜಯನಗರದವರು ನದಿಗೆ ಅಲ್ಲಲ್ಲಿ ಒಡ್ಡು ಹಾಕಿ ಕಾಲುವೆ ತೆಗೆದಿದ್ದರು. ತುರ್ತಾ ಕಾಲುವೆ ಇವತ್ತಿಗೂ ಹಾಳು ಮಂಟಪಗಳ ನಡುವೆ ಹರಿಯುತ್ತದೆ, ಇವತ್ತಿಗೂ ಬಾಳೆ ತೋಟಕ್ಕೆ ನೀರುಣಿಸುತ್ತದೆ. ಅರಮನೆ ಬಿದ್ದಿದೆ, ಬಜಾರು ಬರಿದಾಗಿದೆ, ಕಾಲುವೆ ಮಾತ್ರ ಕೆಲಸ ಬಿಟ್ಟಿಲ್ಲ. ಪ್ರವಾಸದ ಪುಸ್ತಕಗಳಲ್ಲಿ ಅದಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು. ನನ್ನ ಪ್ರಕಾರ ಅನ್ಯಾಯ. ಹಂಪಿಗೆ ಬರುವವರಿಗೆ ಒಂದು ಮಾತು: ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಸುತ್ತಾಟ ಮುಗಿಸಿ. ಆಮೇಲೆ ಬಂಡೆ ಹೆಂಚಾಗುತ್ತದೆ.

ಅತ್ತೆಗೆ ಮನೆ ನೆನಪಾದಾಗಲೆಲ್ಲ ನಾವು ಸಂಡೂರಿಗೆ ಕರೆದುಕೊಂಡು ಹೋಗುತ್ತೇವೆ. ಮಳೆಗಾಲದಲ್ಲಿ ಅಲ್ಲಿನ ಗುಡ್ಡಗಳು ಪೂರಾ ಹಸಿರು. ಬಯಲಲ್ಲಿ ತಡೆಯಿಲ್ಲದೆ ಓಡುವ ಮೋಡ ಅಲ್ಲಿ ಕೊಂಚ ನಿಲ್ಲುತ್ತದೆ. ಕುಮಾರಸ್ವಾಮಿ ಬೆಟ್ಟದಲ್ಲಿ ಮಂಜು ಕವಿದಾಗ ಅತ್ತೆ, "ಥೇಟ್ ನಮ್ಮೂರೇ" ಎಂದು ಸೆರಗು ಹೊದ್ದುಕೊಂಡರು. ಆದರೆ ಅದೇ ಗುಡ್ಡಗಳ ಹೊಟ್ಟೆಯಲ್ಲಿ ಕಬ್ಬಿಣದ ಅದಿರು. ಗಣಿ ಲಾರಿಗಳು ಓಡಾಡುವ ದಾರಿಯ ಗಿಡಗಳ ಎಲೆ ಹಸಿರಲ್ಲ, ಕಾವಿ ಬಣ್ಣ. ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಂಗಸರು ಕನ್ನಡಿ ಚೂರು, ಬಣ್ಣದ ದಾರ ಹಾಕಿ ಮಾಡುವ ಕಸೂತಿ ನೋಡಿ ಮಗಳು ಒಂದು ಚೀಲಕ್ಕೆ ಹಟ ಹಿಡಿದಳು. ಕೊಡಿಸಿದೆವು.

ಕಂಪ್ಲಿಗೆ ಹೋದದ್ದು ಪಕ್ಕದ ಮನೆಯ ಅಜ್ಜಿಯ ಜತೆ. ಅವರ ಮಗ ಅಲ್ಲಿ ಭತ್ತ ಬೆಳೆಯುತ್ತಾರೆ. ಒಣ ಬಯಲು ಮುಗಿದು ಒಮ್ಮೆಲೇ ಹಸಿರು ಗದ್ದೆ ಎದುರಾದರೆ ಯಾರೋ ಗೆರೆ ಎಳೆದು ಬಣ್ಣ ತುಂಬಿದಂತೆ ಕಾಣುತ್ತದೆ. ಆ ಗೆರೆಯೇ ಕಾಲುವೆ. ಅದರ ಬದಿಯಲ್ಲಿ ಕೆಸುವಿನ ಎಲೆ ಬೆಳೆದಿತ್ತು. ಅತ್ತೆ ಮಡಿಲು ತುಂಬ ಕೊಯ್ದು ತಂದು, ಮರುದಿನ ಪತ್ರೊಡೆ ಮಾಡಿ ಅಜ್ಜಿಯ ಮನೆಗೆ ಕಳಿಸಿದರು. ಅಲ್ಲಿಂದ ಬಂದದ್ದು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಖಾರಕ್ಕೆ ಅತ್ತೆಯ ಕಣ್ಣಲ್ಲಿ ನೀರು, ಆದರೂ ತಟ್ಟೆ ಖಾಲಿ.

ಹೀಗೆ ಅವರ ಒಂದು ವರ್ಷ ಎರಡಾಯಿತು. 2024ರ ಆಗಸ್ಟ್‌ನಲ್ಲಿ ಡ್ಯಾಂ ತುಂಬಿ ತುಳುಕುತ್ತಿತ್ತು. ಹತ್ತನೇ ತಾರೀಖಿನ ರಾತ್ರಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಒಂದೇ ಗೇಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಬೆಳಿಗ್ಗೆ ಬೀದಿಯಲ್ಲಿ ಯಾರ ಬಾಯಲ್ಲೂ ಬೇರೆ ಮಾತಿಲ್ಲ. ನದಿಪಾತ್ರದವರಿಗೆ ಪ್ರವಾಹದ ಭಯ. ರೈತರಿಗೆ ಇನ್ನೂ ದೊಡ್ಡ ಭಯ, ಸಂಗ್ರಹದ ನೀರೆಲ್ಲ ಹರಿದು ಹೋದರೆ ನಾಟಿ ಮಾಡಿದ ಬೆಳೆಯ ಗತಿ? ಎರಡನೇ ಬೆಳೆಯ ಮಾತಂತೂ ದೂರವೇ. ಅಜ್ಜಿ ಜಗಲಿಯಲ್ಲಿ ಕುಳಿತು, "ತುಂಬಿದ ಮನಿಗೆ ತೂತು ಬಿತ್ತಲ್ಲವಾ" ಎಂದರು. ಅವರ ಮನೆಯಲ್ಲಿ ಆ ದಿನ ಒಲೆ ಹಚ್ಚಲಿಲ್ಲ. ಅತ್ತೆ ಗಂಜಿ ಮಾಡಿ ಎದುರಿಗೆ ಕುಳಿತು ಕುಡಿಸಿದರು.

ತಜ್ಞ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು ಕರೆಸಿದ್ದು, ನೀರು ಧುಮುಕುತ್ತಿರುವಾಗಲೇ ಕ್ರೇನಿನಿಂದ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚಿದ್ದು, ಇದೆಲ್ಲ ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಒಂದು ವಾರದಲ್ಲಿ ಕೆಲಸ ಮುಗಿಯಿತು. ಅಷ್ಟರಲ್ಲಿ ಹತ್ತಾರು ಟಿಎಂಸಿ ನೀರು ಹೋಗಿತ್ತು.

ಇನ್ನು ಉಳಿದದ್ದು ಮಲೆನಾಡಿನ ಮಳೆಯೊಂದೇ. ಅತ್ತೆ ದಿನಾ ಬೆಳಿಗ್ಗೆ ತೀರ್ಥಹಳ್ಳಿಯ ತಂಗಿಗೆ ಫೋನ್ ಮಾಡತೊಡಗಿದರು. "ಹೆಂಗಿದೆಯೇ ಮಳೆ? ಹೊಳೆ ಎಷ್ಟಿದೆ?" ಎಂದು ವಿಚಾರಿಸಿ, ಕಾಂಪೌಂಡಿನ ಹತ್ತಿರ ನಿಂತು ಅಜ್ಜಿಗೆ ವರದಿ ಒಪ್ಪಿಸುವುದು. ನಾಲ್ಕೈದು ದಿನದಲ್ಲಿ ಬೀದಿಯವರೆಲ್ಲ, "ಯಮ್ಮಾ, ನಿಮ್ಮ ಕಡೀ ಮಳಿ ಹೆಂಗೈತ್ರಿ?" ಎಂದು ನಮ್ಮ ಮನೆಗೇ ಬಂದು ಕೇಳುತ್ತಿದ್ದರು. ಜೀವಮಾನವಿಡೀ ಮಳೆಗೆ ಬೈದುಕೊಂಡೇ ಅಂಗಳದ ಪಾಚಿ ತಿಕ್ಕಿದ್ದ ಅತ್ತೆ ಆ ತಿಂಗಳು ಮಳೆ ಬರಲಿ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದರು. ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು. ಅಜ್ಜಿಯ ಮಗ ಒಂದು ಗೊನೆ ಸುಗಂಧಿ ಬಾಳೆ ತಂದು ನಮ್ಮ ಪಡಸಾಲೆಯಲ್ಲಿ ಇಟ್ಟು ಹೋದರು.

ಆ ವರ್ಷ ದಸರೆಗೆ ಅತ್ತೆ ತಂಗಿಯ ಮನೆಗೆ ಹೋದರು. ಒಂದು ತಿಂಗಳು ಇದ್ದು ಬರುತ್ತೇನೆ ಎಂದಿದ್ದವರ ಫೋನು ಐದನೇ ದಿನಕ್ಕೇ ಬಂತು. ಹಿಂದೆ ಹಂಚಿನ ಮೇಲೆ ಮಳೆ ಸುರಿಯುವ ಸದ್ದು.

"ಮಾರಾಯ್ತಿ, ಇಲ್ಲಿ ಒಂದು ಸೀರೆಯೂ ಒಣಗ್ತಾ ಇಲ್ಲ ಕಣೇ. ನಾಡಿದ್ದಿನ ಬಸ್ಸಿಗೆ ಟಿಕೆಟ್ ಮಾಡ್ಸು."