ಕುಂಟ ಬಿಲ್ಲಿಯ ಸುದ್ದಿ ಯಾರ ಸ್ವತ್ತು?

ನಾಟಕದಲ್ಲಿ ಕುಂಟುವವನೊಬ್ಬ ರಂಗಕ್ಕೆ ಬಂದನೆಂದರೆ ಪ್ರೇಕ್ಷಕರಿಗೆ ಉಳಿಯುವುದು ಎರಡೇ ಕೆಲಸ. ಒಂದೋ ನಗಬೇಕು, ಇಲ್ಲವೇ ‘ಅಯ್ಯೋ ಪಾಪ’ ಅನ್ನಬೇಕು. ನಮ್ಮ ಕಡೆಯ ಕಂಪನಿ ನಾಟಕಗಳ ತೊದಲು ಮಾತಿನವ, ಕಿವುಡ, ಮೆಳ್ಳಗಣ್ಣಿನವ ಎಲ್ಲರೂ ಮೊದಲನೆಯ ಗುಂಪಿನವರು. ಅವರೂ ಹುಡುಗಿಯ ಹಿಂದೆ ಬೀಳುತ್ತಾರೆ, ನಿಜ. ಆದರೆ ಇಂಥವನಿಗೂ ಆಸೆಯೇ ಎಂಬುದೇ ಅಲ್ಲಿ ಜೋಕು. ಪುರಾಣಕ್ಕೆ ಹೋದರೂ ಕಥೆ ಬೇರೆಯಲ್ಲ. ಮಥುರೆಯ ಕುಬ್ಜೆಯ ಗದ್ದ ಹಿಡಿದೆತ್ತಿ ಕೃಷ್ಣ ಅವಳ ಬೆನ್ನು ನೆಟ್ಟಗೆ ಮಾಡುತ್ತಾನೆ. ಅವಳು ಅವನನ್ನು ಮನೆಗೆ ಕರೆಯುವುದು ಅದಾದ ಮೇಲೆ. ಮೊದಲು ಚಿಕಿತ್ಸೆ, ಆಮೇಲೆ ಪ್ರೇಮ. ಡೊಂಕು ಬೆನ್ನಿನಲ್ಲೇ ಅವಳಿಗೆ ಏನನಿಸುತ್ತಿತ್ತು ಎಂದು ಯಾರೂ ಕೇಳಿದಂತಿಲ್ಲ.

ನಾನು ಹಾವೇರಿ ಕಡೆಯವಳು. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲು ಸಣ್ಣದಾಯಿತು. ನೌಕರಿಗೆಂದು ಮುಂಬೈಗೆ ಬಂದು ಮೂವತ್ತು ವರ್ಷ ದಾಟಿತು. ಇಲ್ಲಿ ನಾಲ್ಕೈದು ಕನ್ನಡದ ಗೆಳೆಯರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಕೂತು ಒಂದು ನಾಟಕ ಓದುತ್ತೇವೆ. ಹಾಗೆ ಪಾತ್ರ ಹಂಚಿಕೊಂಡು ಓದಿದ್ದು ಮಾರ್ಟಿನ್ ಮೆಕ್‌ಡೋನಾ ಬರೆದ ‘ದಿ ಕ್ರಿಪಲ್ ಆಫ್ ಇನಿಶ್‌ಮಾನ್’. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ 1996ರ ಕೊನೆಗೆ ಮೊದಲು ರಂಗಕ್ಕೆ ಬಂದ ಕರಾಳ ಹಾಸ್ಯ ನಾಟಕ ಇದು. ನಕ್ಕು ನಕ್ಕು ನಮ್ಮ ಚಹಾ ಆರಿಹೋಯಿತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಥೆ ನಡೆಯುವುದು ಐರ್ಲೆಂಡಿನ ಪಶ್ಚಿಮಕ್ಕಿರುವ ಪುಟ್ಟ ದ್ವೀಪದಲ್ಲಿ, 1934ರಲ್ಲಿ. ಪಕ್ಕದ ದ್ವೀಪಕ್ಕೆ ರಾಬರ್ಟ್ ಫ್ಲಾಹರ್ಟಿ ‘ಮ್ಯಾನ್ ಆಫ್ ಅರಾನ್’ ಚಿತ್ರ ತೆಗೆಯಲು ಬಂದಿದ್ದಾನೆ. ಅಪ್ಪ ಅಮ್ಮ ಇಲ್ಲದ ಬಿಲ್ಲಿಯನ್ನು ಸಾಕಿದವರು ಅಂಗಡಿ ನಡೆಸುವ ಇಬ್ಬರು ಹೆಂಗಸರು. ಅವನ ಒಂದು ಕೈ, ಒಂದು ಕಾಲು ಸೊಟ್ಟ. ಊರಿಗೆ ಊರೇ ಅವನನ್ನು ‘ಕುಂಟ ಬಿಲ್ಲಿ’ ಎಂದೇ ಕರೆಯುತ್ತದೆ. ಬರೀ ಬಿಲ್ಲಿ ಅನ್ನಿ ಎಂದು ಅವನು ಕೇಳಿಕೊಂಡರೂ ಯಾರ ಕಿವಿಗೂ ಬೀಳುವುದಿಲ್ಲ. ನನ್ನೂರಿನಲ್ಲಿ ನನ್ನ ಹೆಸರಿನ ಮುಂದೆಯೂ ಇಂಥದೇ ಒಂದು ಪದವಿ ಇತ್ತು. ಕರೆಯುವವರಲ್ಲಿ ಕೆಡುಕಿರಲಿಲ್ಲ. ಒಂದೇ ಹೆಸರಿನ ಇಬ್ಬರಿದ್ದರೆ ಗುರುತು ಬೇಕಲ್ಲ ಅಂತಿದ್ದರು!

ಬಿಲ್ಲಿಗೆ ಹೆಲೆನ್ ಎಂಬ ಹುಡುಗಿಯ ಮೇಲೆ ಆಸೆ. ಅವಳು ಬಾಯಿಬಡಕಿ, ಕೋಪ ಬಂದರೆ ಮೊಟ್ಟೆ ಎಸೆಯುವವಳು, ಅವನನ್ನು ಎಲ್ಲರಿಗಿಂತ ಹೆಚ್ಚು ಹಂಗಿಸುವವಳು. ಅಂಥವಳನ್ನೇ ಯಾಕೆ ಎಂದು ನಮ್ಮ ಬಳಗದ ಗೆಳೆಯರೊಬ್ಬರು ಕೇಳಿದರು. ನನಗೆ ನಗು ಬಂತು. ನಮ್ಮಂಥವರು ಪ್ರೀತಿಸಿದರೆ ತ್ಯಾಗಮೂರ್ತಿಯನ್ನೇ ಪ್ರೀತಿಸಬೇಕು, ನಮ್ಮನ್ನು ಕಂಡು ಕರಗುವವರನ್ನೇ ಆರಿಸಿಕೊಳ್ಳಬೇಕು ಎಂದು ಲೋಕ ತೀರ್ಮಾನಿಸಿಬಿಟ್ಟಿದೆ. ಬಿಲ್ಲಿ ಹಾಗೆ ಆರಿಸುವುದಿಲ್ಲ. ಉಳಿದ ಹುಡುಗರ ಹಾಗೆ ಊರಿನ ಅತಿ ಚೆಲುವೆಯನ್ನೇ, ಅತಿ ಕಷ್ಟದವಳನ್ನೇ ಬಯಸುತ್ತಾನೆ. ಅವನೂ ಉಳಿದವರಂತೆ ಒಬ್ಬ ಗಂಡಸು ಎಂದು ನಾಟಕ ಹೇಳುವ ರೀತಿ ಇದು.

ಆ ಊರಿನಲ್ಲಿ ಜಾನಿಪಾಟೀನ್‌ಮೈಕ್ ಎಂಬ ಮುದುಕನಿದ್ದಾನೆ. ಊರ ಸುದ್ದಿ ಹೊತ್ತು ಮನೆಮನೆಗೆ ಹೋಗಿ, ಬದಲಿಗೆ ಮೊಟ್ಟೆಯೋ ಬಟಾಣಿ ಡಬ್ಬಿಯೋ ವಸೂಲಿ ಮಾಡುವುದು ಅವನ ಉದ್ಯೋಗ. ಬಿಲ್ಲಿಗೆ ಏನು ಕಾಯಿಲೆ ಎಂಬ ಸುದ್ದಿಗಾಗಿ ಅವನು ಡಾಕ್ಟರ್ ಮೆಕ್‌ಶಾರಿಯ ಬೆನ್ನು ಬೀಳುತ್ತಾನೆ. ನನ್ನ ರೋಗಿಯ ವಿಷಯ ನಿನಗೇಕೆ ಎಂದು ಡಾಕ್ಟರು ಬಾಯಿ ಬಿಡುವುದಿಲ್ಲ. ಓದುವಾಗ ಇದು ತಮಾಷೆಯ ದೃಶ್ಯ. ನನಗೆ ಮಾತ್ರ ಆ ಡಾಕ್ಟರ ಮೌನಕ್ಕೆ ಕೈಮುಗಿಯಬೇಕು ಅನಿಸಿತು.

ಕಾರಣವಿದೆ. ನನಗೆ ಇಪ್ಪತ್ಮೂರು ವರ್ಷವಿದ್ದಾಗ ಒಂದು ಸಂಬಂಧ ಬಂತು. ಹುಡುಗನ ಸೋದರಮಾವ ನೇರ ನನ್ನ ಕಾಲು ನೋಡುತ್ತಿದ್ದ ಡಾಕ್ಟರ ಬಳಿಗೇ ಹೋದ. ಡಾಕ್ಟರು ಅವನನ್ನು ಕೂರಿಸಿ ಚಹಾ ಕುಡಿಸಿ, ‘ಹುಡುಗಿಗೆ ಮಕ್ಕಳಾಗೋದಕ್ಕೇನೂ ತೊಂದರೆ ಇಲ್ಲ’ ಎಂದು ಹೇಳಿ ಕಳಿಸಿದರು. ನಮ್ಮ ಮನೆಯಲ್ಲಿ ಹಬ್ಬ! ಡಾಕ್ಟರು ದೇವರಂಥವರು ಎಂದು ಅವ್ವ ತುಪ್ಪದ ದೀಪ ಹಚ್ಚಿದಳು. ಅವರು ಹೇಳಿದ್ದು ನಿಜವೇ, ಪೋಲಿಯೋಗೂ ಬಸಿರಿಗೂ ಸಂಬಂಧವಿಲ್ಲ. ಆದರೆ ಆ ಮಾತು ನನ್ನ ಹೊಟ್ಟೆಯದು. ಅದನ್ನು ಪರಿಚಯವೇ ಇಲ್ಲದ ಗಂಡಸೊಬ್ಬನಿಗೆ ದಾಟಿಸುವ ಮೊದಲು ನನ್ನನ್ನೊಂದು ಮಾತು ಕೇಳಬೇಕು ಎಂದು ಆ ಡಾಕ್ಟರಿಗಾಗಲೀ ಮನೆಯವರಿಗಾಗಲೀ ಹೊಳೆಯಲೇ ಇಲ್ಲ. ಹುಡುಗ ನನಗೆ ಇಷ್ಟವೋ ಎಂದೂ ಯಾರೂ ಕೇಳಿರಲಿಲ್ಲ. ನಾನು ಒಲ್ಲೆ ಎಂದಾಗ ಎಲ್ಲರೂ ಬೆರಗಾದರು. ‘ಇವಳಿಗೂ ಆರಿಸೋ ಹುಚ್ಚೇ!’

ನಮ್ಮ ದೇಶದ ವೈದ್ಯರ ನಡತೆಯ ನಿಯಮಗಳು 2002ರಲ್ಲಿ ಬಂದವು. ರೋಗಿಯ ಗುಟ್ಟು ಕಾಯಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಆದರೂ ವರದಿ ಮೊದಲು ತಲುಪುವುದು ಅಪ್ಪನಿಗೋ ಅಣ್ಣನಿಗೋ ಗಂಡನಿಗೋ. ಅಂಗವಿಕಲರ ವಿಷಯದಲ್ಲಂತೂ ಊರಿಗೇ.

ಬಿಲ್ಲಿ ಒಂದು ಉಪಾಯ ಹೂಡುತ್ತಾನೆ. ದೋಣಿಯ ಬಾಬಿಯ ಹೆಂಡತಿ ಕ್ಷಯದಿಂದ ಸತ್ತವಳು. ತನಗೂ ಕ್ಷಯವಿದೆ, ಉಳಿದಿರುವುದು ಮೂರೇ ತಿಂಗಳು ಎಂಬ ಡಾಕ್ಟರ ಕಾಗದವನ್ನು ತಾನೇ ಸೃಷ್ಟಿಸಿ ಬಾಬಿಗೆ ತೋರಿಸುತ್ತಾನೆ. ಬಾಬಿ ಕರಗಿ ಅವನನ್ನು ಸಿನಿಮಾ ತೆಗೆಯುವಲ್ಲಿಗೆ ಕರೆದೊಯ್ಯುತ್ತಾನೆ. ಸೊಟ್ಟ ಕಾಲಿನ ಹುಡುಗ ‘ನನಗೆ ಹೋಗಬೇಕು’ ಎಂದರೆ ಸಾಲದು, ಡಾಕ್ಟರ ಕಾಗದ ಬೇಕು. ಇದು ನನಗೆ ಚೆನ್ನಾಗಿ ಗೊತ್ತು. ಮುಂಬೈ ಲೋಕಲ್‌ನಲ್ಲಿ ಅಂಗವಿಕಲರಿಗೆ, ಕ್ಯಾನ್ಸರ್ ರೋಗಿಗಳಿಗೆ ಬೇರೆ ಡಬ್ಬಿ ಇದೆ. ಹೊಸಬರು ಹತ್ತಿದರೆ ‘ಕ್ಯಾ ಹುವಾ ಹೈ ಆಪ್ಕೋ?’ ಎಂಬ ವಿಚಾರಣೆ ಶುರು. ಕಾಲು ಕಂಡರೂ ಸರ್ಟಿಫಿಕೇಟ್ ಕಾಣಬೇಕು. ಆ ಡಬ್ಬಿಯಲ್ಲಿ ನಾವು ನಮ್ಮ ಬಗ್ಗೆ ಹೇಳಿಕೊಳ್ಳುವ ಜೋಕುಗಳನ್ನು ಇಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕಿಯಾರು. ಅಲ್ಲಿ ನಗುವವರೂ ನಾವೇ, ನಗೆಗೆ ಕಾರಣವೂ ನಾವೇ.

2024ರ ಜುಲೈನಲ್ಲಿ ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಿತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುರುತಿಸಿದ್ದೂ ಇದೇ ವ್ಯತ್ಯಾಸವನ್ನು. ಅಂಗವಿಕಲರನ್ನು ಕೀಳುಮಾಡುವ ಹಾಸ್ಯ ಬೇರೆ, ಅಂಗವೈಕಲ್ಯದ ಬಗೆಗಿನ ಸವಕಲು ನಂಬಿಕೆಗಳನ್ನು ಕೆದಕುವ ಹಾಸ್ಯ ಬೇರೆ ಎಂದಿತು. ಮೆಕ್‌ಡೋನಾನ ನಾಟಕ ಎರಡನೆಯ ಜಾತಿಯದು. ಒರಟು ಮಾತು ರಾಶಿ ರಾಶಿ ಇದೆ, ಆದರೆ ನಗೆಪಾಟಲಾಗುವುದು ಊರು, ಬಿಲ್ಲಿಯ ಕಾಲಲ್ಲ.

ಹಾಲಿವುಡ್‌ಗೆ ಹೋದ ಬಿಲ್ಲಿ ವಾಪಸು ಬರುತ್ತಾನೆ. ಕುಂಟನ ಪಾತ್ರಕ್ಕೆ ಅವರಿಗೆ ಕುಂಟನಂತೆ ನಟಿಸಬಲ್ಲ ನೆಟ್ಟಗಿನವನೇ ಬೇಕಿತ್ತಂತೆ. ವಿಚಿತ್ರವೆಂದರೆ 2013ರಲ್ಲಿ ಲಂಡನ್ನಿನಲ್ಲಿ, ಮರುವರ್ಷ ಬ್ರಾಡ್ವೇಯಲ್ಲಿ ಬಿಲ್ಲಿಯಾದದ್ದು ‘ಹ್ಯಾರಿ ಪಾಟರ್’ ಖ್ಯಾತಿಯ ಡೇನಿಯಲ್ ರಾಡ್‌ಕ್ಲಿಫ್! ಬೇರೆ ದಾರಿ ಇಲ್ಲವೆಂದಲ್ಲ. ಶೇಕ್ಸ್‌ಪಿಯರನ ಮೂರನೇ ರಿಚರ್ಡನನ್ನು ಅಮೆರಿಕದ ಹೈಸ್ಕೂಲಿಗೆ ತಂದ ಮೈಕ್ ಲ್ಯೂ ಬರೆದ ಹಾಸ್ಯ ನಾಟಕ ‘ಟೀನೇಜ್ ಡಿಕ್’ 2018ರಲ್ಲಿ ನ್ಯೂಯಾರ್ಕಿನಲ್ಲಿ ನಡೆದಾಗ, ಸೆರೆಬ್ರಲ್ ಪಾಲ್ಸಿ ಇರುವ ಗ್ರೆಗ್ ಮೊಜ್ಗಾಲಾ ಮುಖ್ಯ ಪಾತ್ರ ವಹಿಸಿದರು.

ಡಾಕ್ಟರ ಮೌನವೂ ಎರಡು ಬಗೆ. ಬೆಂಗಳೂರಿನವರೇ ಆದ ಮಹೇಶ್ ದತ್ತಾನಿ 1990ರಲ್ಲಿ ‘ತಾರಾ’ ನಾಟಕ ತಂದರು. ಅದು ಹಾಸ್ಯವಲ್ಲ. ಅಂಟಿಕೊಂಡೇ ಹುಟ್ಟಿದ ಅವಳಿಗಳಿಗೆ ಮೂರು ಕಾಲು. ಮೂರನೆಯ ಕಾಲು ಹುಡುಗಿಯ ಮೈಗೇ ಹೆಚ್ಚು ಒಗ್ಗುವಂಥದು. ಅದನ್ನು ಹುಡುಗನಿಗೆ ಜೋಡಿಸುತ್ತಾರೆ, ಅದು ಉಳಿಯುವುದು ಎರಡೇ ದಿನ. ಒಪ್ಪಿದ ಡಾಕ್ಟರಿಗೆ ಬೆಂಗಳೂರಿನಲ್ಲಿ ನರ್ಸಿಂಗ್ ಹೋಮಿಗೆ ಜಾಗ. ಮಕ್ಕಳಿಗೆ ಈ ಗುಟ್ಟು ವರ್ಷಗಟ್ಟಲೆ ತಿಳಿಯುವುದಿಲ್ಲ. ಮೆಕ್‌ಶಾರಿ ರೋಗಿಗಾಗಿ ಊರಿನೆದುರು ಬಾಯಿ ಮುಚ್ಚಿಕೊಂಡ, ಈ ಡಾಕ್ಟರು ರೋಗಿಯೆದುರೇ ಬಾಯಿ ಮುಚ್ಚಿಕೊಂಡ. ಎರಡಕ್ಕೂ ನಾವು ‘ಗುಟ್ಟು’ ಎಂಬ ಒಂದೇ ಪದ ಬಳಸುತ್ತೇವೆ.

ಬಿಲ್ಲಿಯ ಸುಳ್ಳು ಕೊನೆಗೆ ನಿಜವಾಗುತ್ತದೆ. ಮೋಸ ಗೊತ್ತಾಗಿ ಬಾಬಿ ಹೊಡೆದ ಗಾಯಗಳನ್ನು ನೋಡಲು ಬಂದ ಡಾಕ್ಟರೇ ಹೇಳುತ್ತಾನೆ, ನಿನಗೆ ಕ್ಷಯ ಇದ್ದೇ ಇದೆ ಎಂದು. ಹೆಲೆನ್ ಮೊದಲು ನಕ್ಕುಬಿಟ್ಟವಳು, ಸಾಯಲು ಹೊರಟಿದ್ದ ಅವನ ಬಳಿ ಮರಳಿ ಬಂದು, ಜೊತೆಗೆ ತಿರುಗಾಡಲು ಒಪ್ಪಿ, ಮುತ್ತು ಕೊಟ್ಟು ಹೋಗುತ್ತಾಳೆ. ಅವನು ಕೆಮ್ಮುತ್ತಾನೆ, ಅಂಗೈಯಲ್ಲಿ ರಕ್ತ. ಇದು ಕ್ರೂರ ಎಂದರು ನಮ್ಮ ಗೆಳೆಯರು. ನನಗೆ ಹಾಗನ್ನಿಸಲಿಲ್ಲ. ಕುಬ್ಜೆಯ ಹಾಗೆ ಅವನು ವಾಸಿಯಾಗಿ ಮುತ್ತು ಪಡೆದವನಲ್ಲ. ಸೊಟ್ಟ ಕಾಲು, ಕೆಟ್ಟ ಪುಪ್ಪುಸ ಇದ್ದಂತೆಯೇ ಪಡೆದ. ಸಾಯುವ ಸುದ್ದಿಯನ್ನು ತಾನೇ ಮೊದಲು ಕೇಳಿದ, ಯಾರಿಗೆ ಹೇಳಬೇಕು ಎಂಬುದೂ ಅವನ ಕೈಯಲ್ಲೇ ಇದೆ.

ನಮ್ಮ ಸಂಘಗಳ ವಾರ್ಷಿಕೋತ್ಸವಕ್ಕೆ ಹಾಸ್ಯ ನಾಟಕವಿಲ್ಲದೆ ನಡೆಯುವುದಿಲ್ಲ. ನಾಟಕ ಆರಿಸುವವರಿಗೆ ನನ್ನದೊಂದು ಮನವಿ. ಕುಂಟುವ ಪಾತ್ರ ಬೇಡ ಎನ್ನಬೇಡಿ, ತನ್ನಿ. ನಮ್ಮ ಮೇಲೆ ಜೋಕೂ ಇರಲಿ, ನಾವೂ ನಗುತ್ತೇವೆ. ಆ ಪಾತ್ರಕ್ಕೆ ಒಂದು ಆಸೆ ಕೊಡಿ, ಒಂದು ಸುಳ್ಳು ಹೇಳಲು ಬಿಡಿ. ಮಾಡಲು ನಮ್ಮಲ್ಲೇ ಒಬ್ಬರನ್ನು ಕೇಳಿ ನೋಡಿ. ಮತ್ತೆ, ರಂಗಕ್ಕೆ ಹತ್ತುವ ಮೆಟ್ಟಿಲ ಪಕ್ಕ ಒಂದು ಇಳಿಜಾರು ಹಲಗೆ ಇಡುವುದು ಮರೆಯಬೇಡಿ.