ಎದ್ದು ನಿಲ್ಲಿ

"ಎಸ್ಸಿ ಎಸ್ಟಿ ಮಕ್ಕಳು ಎದ್ದು ನಿಲ್ಲಿ."

ಡಿಗ್ರಿ ಮೊದಲ ವರ್ಷ. ಪಾಠ ನಡೆಯುತ್ತಿತ್ತು. ಆಫೀಸಿನಿಂದ ಜವಾನ ಒಂದು ಚೀಟಿ ತಂದ. ಮೇಷ್ಟ್ರು ಅದನ್ನು ಓದಿ ಈ ಮಾತು ಹೇಳಿದರು. ಬೈದದ್ದೇನಲ್ಲ. ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ ಬಂತು, ಹೆಸರು ಬರೆದು ಕಳಿಸಬೇಕಿತ್ತು, ಅಷ್ಟೆ. ಕ್ಲಾಸಿನಲ್ಲಿ ಒಂಬತ್ತು ಜನ ಎದ್ದೆವು. ಎಲ್ಲರಿಗಿಂತ ಕೊನೆಗೆ ಎದ್ದವ ನಾನು. ಅಲ್ಲಿತನಕ ನನ್ನ ಬೆಂಚಿನಲ್ಲೇ ಕೂತು, ಒಂದೇ ಪ್ಲೇಟಿನ ಬನ್ಸ್ ಹಂಚಿಕೊಂಡು ತಿಂದ ಹುಡುಗ ತಲೆ ಎತ್ತಿ ನನ್ನನ್ನು ನೋಡಿದ. ಏನೂ ಹೇಳಲಿಲ್ಲ. ಮರುದಿನ ಮುಂದಿನ ಬೆಂಚಿಗೆ ಹೋಗಿ ಕೂತ.

ನಾನು ಕೊರಗ. ಬೈಂದೂರು ಕಡೆಯ ಒಂದು ಕೊಪ್ಪದವ. ಅಬ್ಬಿ ಕಾಡಿನಿಂದ ಬೀಳು ತಂದು ಬುಟ್ಟಿ ನೇಯುತ್ತಾಳೆ. ಹೆಡಗೆ, ಸಿಬ್ಬಲು ಹೊತ್ತುಕೊಂಡು ಕುಂದಾಪುರದ ಸಂತೆಗೆ ಹೋಗುತ್ತಾಳೆ. ಅದು ಮಾರಿದ ದುಡ್ಡೇ ನನ್ನ ಬಸ್ ಚಾರ್ಜು. ನಮ್ಮ ಕೊಪ್ಪದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ.

ನಮ್ಮವರಿಗೆ ನಿಲ್ಲುವುದು ಹೊಸತಲ್ಲ. ಎದುರಿಗೆ ಒಡೆಯರು ಬಂದರೆ ಅಜ್ಜ ದಾರಿ ಬಿಟ್ಟು ಗದ್ದೆಗೆ ಇಳಿದು ನಿಲ್ಲುತ್ತಿದ್ದ. ಮದುವೆ ಮನೆಯಲ್ಲಿ ಎಲ್ಲರ ಊಟ ಮುಗಿಯುವ ತನಕ ಅಂಗಳದ ಆಚೆ ಡೋಲು ಹಿಡಿದು ನಿಲ್ಲುತ್ತಿದ್ದ. ಅಪ್ಪಯ್ಯ ಆಫೀಸು ಆಫೀಸಿನ ಬಾಗಿಲಲ್ಲಿ ನಿಂತ. ಅಜಲು ಅಂದರೆ ಏನೆಂದು ಗೊತ್ತಿಲ್ಲದವರು 2000ನೇ ಇಸವಿಯ ಅಜಲು ನಿಷೇಧ ಕಾಯಿದೆ ತೆಗೆದು ಓದಲಿ. ಕೊರಗರನ್ನು ಕೂಲಿ ಕೊಡದೆ ದುಡಿಸಬಾರದು, ಅವರ ಊಟದಲ್ಲಿ ಕೂದಲು ಉಗುರು ಬೆರೆಸಿ ತಿನ್ನಿಸಬಾರದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸಬಾರದು ಎಂದು ಸರಕಾರ ಅಚ್ಚು ಹಾಕಿ ಹೇಳಬೇಕಾಯಿತು. ಸ್ವಾತಂತ್ರ್ಯ ಬಂದು 53 ವರ್ಷ ಕಳೆದ ಮೇಲೆ.

ಅಂಥ ಮನೆಯಿಂದ ಬಂದವನಿಗೆ ಕೂರಲು ಒಂದು ಬೆಂಚು ಸಿಕ್ಕಿತಲ್ಲ, ಅದು ಯಾರ ಭಿಕ್ಷೆ? ಈ ಕತೆ ನಮ್ಮ ಕರಾವಳಿಯವರೇ ಮರೆತಿದ್ದಾರೆ. 1956ರ ತನಕ ನಾವು ಮದ್ರಾಸಿಗೆ ಸೇರಿದವರು. ಅಲ್ಲಿ ಕಮ್ಯುನಲ್ ಜಿ.ಓ. ಅಂತ ಇತ್ತು. ಕಾಲೇಜಿನ ಪ್ರತಿ 14 ಸೀಟಿನಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಕ್ರೈಸ್ತರಿಗೆ 1, ಮುಸ್ಲಿಮರಿಗೆ 1. ಇದು ಅನ್ಯಾಯ ಎಂದು ಚಂಪಕಂ ದೊರೈರಾಜನ್ ಕೋರ್ಟಿಗೆ ಹೋದರು. ಮೆಡಿಕಲ್ ಸೀಟಿಗೆ ಅವರು ಅರ್ಜಿಯನ್ನೇ ಹಾಕಿರಲಿಲ್ಲ! ಆದರೂ 1951ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ಜಿ.ಓ.ವನ್ನು ರದ್ದು ಮಾಡಿತು. ಅದೇ ಜೂನ್‌ನಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು, 15(4)ನೇ ವಿಧಿ ಸೇರಿತು. ಬಾಬಾಸಾಹೇಬರು ಆಗ ಕಾನೂನು ಮಂತ್ರಿ. ನಾನು ಕೂತ ಬೆಂಚಿಗೆ ಕಾಲು ಬಂದದ್ದು ಅಲ್ಲಿಂದ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಎರಡನೇ ವರ್ಷ ಹಾಗೆ ಮಾಡುತ್ತಿರಲಿಲ್ಲವೇನೋ.

ಎರಡನೇ ವರ್ಷ ಮತ್ತೆ ಚೀಟಿ ಬಂತು. ಮತ್ತೆ ಅದೇ ಮಾತು. ನಾನು ಏಳಲಿಲ್ಲ. ಬೇರೆ ಸೆಕ್ಷನ್, ಹೊಸ ಮುಖಗಳು, ನನ್ನ ಜಾತಿ ಯಾರಿಗೂ ಗೊತ್ತಿರಲಿಲ್ಲ. ತಲೆ ತಗ್ಗಿಸಿ ನೋಟ್ಸ್ ಬರೆಯುವವನ ಹಾಗೆ ಕೂತೆ. ಎದ್ದ ಆರೇಳು ಜನರನ್ನು ಉಳಿದವರೆಲ್ಲ ನೋಡಿದರು. ನಾನೂ ನೋಡಿದೆ. ಒಬ್ಬ ನನ್ನ ಊರಿನ ಬಸ್ಸಿನಲ್ಲೇ ಬರುವವ. ಅವನು ನನ್ನನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ. ಗೆಳೆಯರೇ, ನನ್ನ ಬದುಕಿನಲ್ಲಿ ನನಗೆ ನಿಜವಾಗಿ ನಾಚಿಕೆಯಾದ ದಿನ ಅದು.

ಅರ್ಜಿಯ ದಿನ ದಾಟಿತು. ಆ ವರ್ಷದ ಸ್ಕಾಲರ್‌ಶಿಪ್ ಹೋಯಿತು. ಫೀಸು ಬಾಕಿ ಉಳಿದದ್ದಕ್ಕೆ ಹಾಲ್ ಟಿಕೆಟ್ ತಡೆದರು. ಅಬ್ಬಿ ಸಂಘದಿಂದ ಸಾಲ ತೆಗೆದಳು. ವಾರ ವಾರ ಕಂತು. ಒಂದು ಹೆಡಗೆಗೆ ಎರಡು ದಿನದ ಕೆಲಸ. ನನ್ನ ಒಂದು ನಿಮಿಷದ ನಾಚಿಕೆಗೆ ಅವಳು ಎಷ್ಟು ಹೆಡಗೆ ನೇಯಬೇಕಾಯಿತೋ ನಾನು ಲೆಕ್ಕ ಹಾಕಿಲ್ಲ, ಧೈರ್ಯ ಇಲ್ಲ.

ಕೊನೆಗೊಂದು ದಿನ ಹೇಳಿದೆ. ಅವಳು ಬೈಯಲಿಲ್ಲ. "ಮಗಾ, ನಾನ್ ಸಂತೆಗೆ ಬುಟ್ಟಿ ಹೊತ್ಕಂಡ್ ಹೋತೆ. ಬುಟ್ಟಿ ಕಂಡ್ರೆ ಜಾತಿ ಕಾಂತ್ತ್. ನಾ ಅಡಗಿ ಕೂಕಂಡ್ರೆ ಬುಟ್ಟಿ ಯಾರ್ ತಕಂತ್ರ್?" ಅಂದಳು.

ಅಬ್ಬಿಯ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ಒಂದು ಪ್ರಶ್ನೆ ಉಳಿಯಿತು. ಸಂತೆಯಲ್ಲಿ ಅವಳು ತಾನಾಗಿ ಕೂರುತ್ತಾಳೆ. ಕ್ಲಾಸಿನಲ್ಲಿ ನಮ್ಮನ್ನು ಎಬ್ಬಿಸಿ ನಿಲ್ಲಿಸಿದ್ದು ಯಾಕೆ? ಆ ಚೀಟಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ್ದರೆ ಸಾಕಿತ್ತಲ್ಲ?

ಎಂ.ಎ. ಓದುವಾಗ ಬ್ರಹ್ಮಾವರ ಕಡೆಯ ಒಬ್ಬ ಗೆಳೆಯ ಒಂದು ಕಾಗದ ತೋರಿಸಿದ. ಯುಜಿಸಿ 2012ರಲ್ಲಿ ತಂದ ಸಮಾನತೆಯ ನಿಯಮಗಳು. ಕ್ಲಾಸಿನಲ್ಲಿ ವಿದ್ಯಾರ್ಥಿಗಳ ಜಾತಿ ಸಾರಿ ಹೇಳಬಾರದು, ರಿಸರ್ವೇಷನ್ನಿನವರು ಅಂತ ಹಣೆಪಟ್ಟಿ ಹಚ್ಚಬಾರದು, ಹಾಸ್ಟೆಲ್ಲಿನಲ್ಲಿ ಮೆಸ್ಸಿನಲ್ಲಿ ಬೇರೆ ಕೂರಿಸಬಾರದು ಎಂದು ಬರೆದಿತ್ತು. ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಎಂದೂ ಇತ್ತು. ಓದಿ ಕೈ ನಡುಗಿತು. ನನ್ನನ್ನು ಎಬ್ಬಿಸಿ ನಿಲ್ಲಿಸಿದ ದಿನವೂ ಈ ನಿಯಮ ಇತ್ತು! ಮೇಷ್ಟ್ರಿಗೆ ಗೊತ್ತಿರಲಿಲ್ಲ, ಆಫೀಸಿಗೆ ಗೊತ್ತಿರಲಿಲ್ಲ, ನನಗೆ ಮೊದಲೇ ಗೊತ್ತಿರಲಿಲ್ಲ.

ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲೂ ಈ ನಿಯಮ ಇತ್ತು. ರೋಹಿತ್ ವೇಮುಲನ ಫೆಲೋಶಿಪ್ ತಿಂಗಳುಗಟ್ಟಲೆ ನಿಂತಿತ್ತು, ಹಾಸ್ಟೆಲ್ಲಿನಿಂದ ಹೊರಹಾಕಿದ್ದರು. 2016ರ ಜನವರಿ 17ರಂದು ನಾವು ಅವನನ್ನು ಕಳೆದುಕೊಂಡೆವು. 2025ರಲ್ಲಿ ನಮ್ಮ ರಾಜ್ಯದಲ್ಲಿ ಅವನ ಹೆಸರಿನ ಕಾಯಿದೆಯ ಮಾತು ಎದ್ದಿತು. ಕಾಯಿದೆ ಬೇಕು. ಆದರೆ ಅಜಲಿನ ಕಾಯಿದೆ ಕಂಡ ಜನ ನಾವು. ಕಾಗದ ತಾನಾಗಿ ನಡೆದು ಬಂದು ಕೊಪ್ಪದ ಬಾಗಿಲು ತಟ್ಟುವುದಿಲ್ಲ ಅಂತ ನಮಗೆ ಗೊತ್ತು.

2022ರಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇಕಡಾ 3ರಿಂದ 7ಕ್ಕೆ ಏರಿಸಿದರು. ಸಂತೋಷ. ಬಾಗಿಲು ಅಗಲವಾದರೆ ಒಳಗೆ ಬರುವವರು ಹೆಚ್ಚುತ್ತಾರೆ. ಬಂದವರನ್ನು ಒಳಗೆ ಹೇಗೆ ಕೂರಿಸುತ್ತೀರಿ ಎಂಬುದು ನನ್ನ ಪ್ರಶ್ನೆ.

ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ ಒಂದು ಮಾತು. ಚೀಟಿ ಬಂದರೆ ಇಡೀ ಕ್ಲಾಸಿಗೆ ಓದಿ ಹೇಳಿ, ಬೋರ್ಡಿಗೆ ಅಂಟಿಸಿ. ಯಾರನ್ನೂ ಎಬ್ಬಿಸಬೇಡಿ. ಓದುವ ತಮ್ಮ ತಂಗಿಯರೇ, ದೂರು ಕೇಳುವ ಅಧಿಕಾರಿ ಯಾರು, ಅವರು ಕೂರುವ ಕೋಣೆ ಎಲ್ಲಿ ಎಂದು ನಿಮ್ಮ ಕಾಲೇಜಿನಲ್ಲಿ ಕೇಳಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ.

ಈ ವರ್ಷ ನಮ್ಮ ಕೊಪ್ಪದಿಂದ ಒಬ್ಬಳು ಹುಡುಗಿ ಕಾಲೇಜು ಸೇರಿದ್ದಾಳೆ. ಅವಳ ಅರ್ಜಿಯನ್ನು ನಾನೇ ತುಂಬಿಸಿದೆ. ಆ ನಿಯಮದ ಪ್ರತಿಯೊಂದನ್ನು ಅವಳ ಬ್ಯಾಗಿನಲ್ಲಿ ಇಟ್ಟೆ. "ಎಂತ ಅಣ್ಣಾ ಇದ್?" ಅಂತ ಕೇಳಿದಳು.

"ಯಾರಾರೂ ಎದ್ದ್ ನಿಲ್ಲ್ ಅಂದ್ರೆ, ಎದ್ದ್ ನಿಂತ್ಕಂಡ್ ಇದನ್ನ ಓದ್" ಅಂದೆ.