ಐವತ್ತು ಎಂ.ಎಂ. ಮತ್ತು ಮಣೂಕದ ಶೆಡ್ಡು

ಕೊರಳಿಗೆ ಕ್ಯಾಮೆರಾ ಹಾಕ್ಕೊಂಡು ಎರಡು ಫೆಸ್ಟ್ ಓಡಾಡಿದರೆ ಸಾಕು, ಕ್ಯಾಂಪಸ್ಸಿನಲ್ಲಿ ನೀವು ಲೆನ್ಸ್ ತಜ್ಞರಾಗಿಬಿಡ್ತೀರಿ. ಜೂನಿಯರ್‌ಗಳು ಕ್ಯಾಂಟೀನಿನಲ್ಲಿ ಹಿಡಿದು ಕೇಳೋ ಪ್ರಶ್ನೆ ಒಂದೇ: “ಅಣ್ಣಾ, ಕಿಟ್ ಲೆನ್ಸ್ ಅದ. ಇನ್ನೊಂದು ತಗೋಬೇಕು ಅಂತ ಮಾಡೀನಿ. ಯಾವ್ದು ತಗೊಳ್ಲಿ?” ನಾನು ತಿರುಗಿ ಕೇಳ್ತೀನಿ: “ನೀ ಫೋಟೋ ತಗೀವಾಗ ಎಲ್ಲಿ ನಿಂತಿರ್ತಿ?” ಬಹಳ ಮಂದಿಗೆ ಇದು ಜಾಣತನದ ಮಾತು ಅನ್ನಿಸ್ತದ. ಅಲ್ಲ, ಇದು ಲೆಕ್ಕದ ಮಾತು. ಲೆನ್ಸ್ ಆರಿಸೋದು ಅಂದ್ರೆ ನಾವು ಎಷ್ಟು ದೂರ ನಿಲ್ಲಬೇಕು ಅನ್ನೋದನ್ನ ಆರಿಸೋದು. ಉಳಿದದ್ದೆಲ್ಲ ಆಮೇಲೆ.

ನನ್ನ ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಕ್ಯಾನನ್. ಜೊತೆಗೆ ಬಂದಿದ್ದು ಎಲ್ಲರ ಹತ್ತಿರವೂ ಇರುವ 18-55. ಎರಡು ಮದುವೆ ಸೀಸನ್ ಒಬ್ಬ ಫೋಟೋಗ್ರಾಫರ್ ಹಿಂದೆ ಲೈಟ್ ಹಿಡಿದು ನಿಂತು ಹತ್ತು ಸಾವಿರದ ಹತ್ತಿರ ಕೂಡಿಸಿದ್ದೆ. ಅಷ್ಟರಲ್ಲಿ ಎರಡೇ ದಾರಿ. ಒಂದು, ಯಾರೋ ಬಳಸಿ ಮಾರ್ತಿದ್ದ 55-250 ಟೆಲಿಫೋಟೋ. ಇನ್ನೊಂದು, ಹೊಸ 50 ಎಂ.ಎಂ. ಎಫ್/1.8 ಎಸ್‌ಟಿಎಂ. 2015ರಲ್ಲಿ ಬಂದ ಈ ಪುಟ್ಟ ಲೆನ್ಸಿನ ತೂಕ ಬರೀ 160 ಗ್ರಾಂ. ಜೂಮ್ ಇಲ್ಲ. ಮನೆಯಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಇಷ್ಟೇ: “ಇದ್ದದ್ದು ಒಳಗೂ ಹೊರಗೂ ಹೋಗ್ತದ. ಇದು ಎಲ್ಲಿಗೂ ಹೋಗಂಗಿಲ್ಲ. ರೊಕ್ಕ ಕೊಟ್ಟು ಕುಂಟನ್ನ ಯಾಕ ತರ್ತಿ?”

ಪ್ರಶ್ನೆ ಸರಿಯಾಗಿತ್ತು. ಉತ್ತರಕ್ಕೆ ನಮ್ಮ ಜಿಲ್ಲೆಯ ಮೂರು ಜಾಗ ತಗೊಂಡು ಲೆಕ್ಕ ಹಾಕಿದೆ. ನೀವೂ ಹಾಕಬಹುದು, ಹತ್ತನೇ ಕ್ಲಾಸಿನ ಸಮರೂಪ ತ್ರಿಕೋನ ಸಾಕು.

ಮೊದಲನೆಯದು ಗೋಳಗುಮ್ಮಟ. ಕಟ್ಟಡದ ಒಂದೊಂದು ಬದಿ ಸುಮಾರು 47.5 ಮೀಟರ್, ಮೇಲಿನ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಮೂಲೆಯ ಮಿನಾರುಗಳು, ಅತ್ತಿತ್ತ ಒಂಚೂರು ಆಕಾಶ ಸೇರಿಸಿ 60 ಮೀಟರ್ ಅಗಲ ಚೌಕಟ್ಟಿನಲ್ಲಿ ಹಿಡಿಸಬೇಕು ಅಂದ್ಕೊಳ್ಳಿ. ನನ್ನ ಕ್ಯಾಮೆರಾದ ಸೆನ್ಸರ್ ಅಗಲ 22.3 ಎಂ.ಎಂ. ಲೆನ್ಸು 18ರಲ್ಲಿದ್ದರೆ 48 ಮೀಟರ್ ದೂರ ನಿಂತರೆ ಸಾಕು. 50ರಲ್ಲಿ 135 ಮೀಟರ್ ಹಿಂದೆ ಸರೀಬೇಕು, ನಡುವೆ ಗಿಡ, ಮಂದಿ, ನಗಾರಖಾನೆ ಎಲ್ಲಾ ಬರ್ತಾವ. ಹಾಗಂತ ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆತ್ತಿದರೆ ಮಿನಾರುಗಳು ಒಳಗೆ ವಾಲಿದಂಗೆ ಕಾಣ್ತಾವ. ಅಂದ್ರೆ ಗುಮ್ಮಟಕ್ಕೆ ಕಿಟ್ ಲೆನ್ಸೇ ಲೇಸು, ಕಾಲಿಗೆ ಕೆಲಸ ಕೊಡಬೇಕು. ಕಾಲಿಗೆ ಕೆಲಸ ಕೊಟ್ಟ ಮೊದಲಿಗರಲ್ಲಿ ಒಬ್ಬ ತಾಮಸ್ ಬಿಗ್ಸ್. ಫಿರಂಗಿ ದಳದ ಈ ಅಧಿಕಾರಿಯನ್ನು 1855ರಲ್ಲಿ ಬಾಂಬೆ ಸರ್ಕಾರ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಕಾಗದದ ನೆಗೆಟಿವ್ ಬಳಸಿ ಬಿಜಾಪುರ, ಬಾದಾಮಿ, ಐಹೊಳೆಗಳ ಫೋಟೋ ತೆಗೆದ. 1866ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ವಾಸ್ತುಶಿಲ್ಪದ ಮೇಲೆ ಬಂದ ಪುಸ್ತಕದಲ್ಲಿ ಅವನ ಫೋಟೋಗಳಿವೆ. ಅವನ ಹತ್ತಿರ ಜೂಮ್ ಇರಲಿಲ್ಲ. ದೊಡ್ಡ ಪೆಟ್ಟಿಗೆ ಕ್ಯಾಮೆರಾ ಎಲ್ಲಿ ಊರಬೇಕು ಅನ್ನೋದೇ ಅವನ ಆಯ್ಕೆ.

ಎರಡನೆಯದು ಬಬಲೇಶ್ವರ ತಾಲ್ಲೂಕಿನ ಮಮದಾಪುರ ಕೆರೆ. ಆದಿಲ್‌ಶಾಹಿ ಕಾಲದ ದೊಡ್ಡ ಕೆರೆ. ನೀರಿದ್ದಾಗ ದಂಡೆಗುಂಟ ಹಕ್ಕಿ ಕೂತಿರ್ತಾವ. 60 ಸೆಂ.ಮೀ. ಎತ್ತರದ ಒಂದು ಬೆಳ್ಳಕ್ಕಿ 60 ಮೀಟರ್ ದೂರದಲ್ಲಿದೆ ಅನ್ನಿ. 250ರಲ್ಲಿ ಅದರ ಬಿಂಬ ಸೆನ್ಸರ್ ಮೇಲೆ 2.5 ಎಂ.ಎಂ. 50ರಲ್ಲಿ ಅರ್ಧ ಎಂ.ಎಂ., ಅಂದ್ರೆ ಹಕ್ಕಿ ಅಲ್ಲ, ಸುಣ್ಣದ ಚುಕ್ಕಿ. ಇಲ್ಲಿ ಟೆಲಿ ಬೇಕೇ ಬೇಕು, ವಾದ ಇಲ್ಲ. ಹಕ್ಕಿಗೆ ನಾವು ಹತ್ತಿರ ಹೋಗೋದೂ ಸರಿಯಲ್ಲ, ಹಾರಿ ಹೋಗ್ತದ.

ಮೂರನೆಯದು ಟಿಕೋಟಾ ಕಡೆಯ ನಮ್ಮ ಮಣೂಕದ ಶೆಡ್ಡು. ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಸುಮಾರು 20 ಕಿ.ಮೀ. ಫೆಬ್ರವರಿಯಿಂದ ಏಪ್ರಿಲ್ ತನಕ ಆ ದಾರಿಯ ಎರಡೂ ಕಡೆ ಹಸಿರು ಜಾಳಿಗೆ ಕಟ್ಟಿದ ಉದ್ದನೆಯ ಶೆಡ್ಡುಗಳನ್ನ ನೀವೂ ನೋಡಿರ್ತೀರಿ. ದ್ರಾಕ್ಷಿ ಕಡಿದು, ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಅಂತಸ್ತು ಕಟ್ಟಿದ ಬಲೆಯ ಮೇಲೆ ಹರವ್ತಾರೆ. ಆ ನೀರು ಹಣ್ಣಿನ ಮೇಲಿನ ಮೇಣದ ಪದರ ಸಡಿಲು ಮಾಡ್ತದ, ಒಳಗಿನ ತೇವ ಬೇಗ ಹೊರಗೆ ಹೋಗ್ತದ. ಹದಿನೈದು ಇಪ್ಪತ್ತು ದಿನಕ್ಕೆ ಮಣೂಕ ತಯಾರು. ನೇರ ಬಿಸಿಲು ಬಿದ್ದರೆ ಬಣ್ಣ ಕಂದಾಗ್ತದ, ಹಸಿರು ಹೋದರೆ ದರವೂ ಹೋಗ್ತದ. ಅದಕ್ಕೇ ಆ ಜಾಳಿಗೆ.

ಅಂದ್ರೆ ಶೆಡ್ಡು ಅನ್ನೋದು ಬೆಳಕನ್ನು ತಡೆಯೋಕೆ ಅಂತಲೇ ಕಟ್ಟಿದ ಜಾಗ. ಅಂತಸ್ತುಗಳ ನಡುವಿನ ದಾರಿ ಇಕ್ಕಟ್ಟು, ಯಾರೇ ಇದ್ದರೂ ಎರಡು ಮೀಟರ್ ಒಳಗೇ ಇರ್ತಾರೆ. ಕಿಟ್ ಲೆನ್ಸು 55ಕ್ಕೆ ಹೋದಾಗ ಎಫ್/5.6. ಐವತ್ತರದು ಎಫ್/1.8. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ: ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಅಲ್ಲಿ 1/15 ಸೆಕೆಂಡಿಗೆ ಕೈ ಅಲುಗಿ ಕೆಡ್ತಿದ್ದ ಫೋಟೋ ಇಲ್ಲಿ 1/150ರ ಆಸುಪಾಸಿನಲ್ಲಿ ಬರ್ತದ.

ನಾನು ಯಾವ ಜಾಗದಲ್ಲಿ ಹೆಚ್ಚು ದಿನ ಇರ್ತೀನಿ? ಗುಮ್ಮಟಕ್ಕೆ ಊರಿಂದ ಯಾರಾದರೂ ಬಂದಾಗ. ಮಮದಾಪುರಕ್ಕೆ ವರ್ಷಕ್ಕೆ ಎರಡು ಸಲ. ಶೆಡ್ಡಿಗೆ, ಸೀಸನ್ ಬಂದರೆ ಪ್ರತಿ ಭಾನುವಾರ. 50 ತಗೊಂಡೆ.

ಬಳಸೋಕೆ ಶುರು ಮಾಡಿದಾಗ ತಿಳೀತು, ಹತ್ತು ಪಟ್ಟು ಬೆಳಕು ಪುಕ್ಕಟೆ ಬರಲ್ಲ. ಎರಡು ಮೀಟರ್ ದೂರದಲ್ಲಿ, ಎಫ್/1.8ರಲ್ಲಿ, ನನ್ನ ಸೆನ್ಸರಿಗೆ ಸ್ಪಷ್ಟವಾಗಿ ಕಾಣುವ ಆಳ ಬರೀ 11 ಸೆಂ.ಮೀ. ನಮ್ಮಲ್ಲಿ ಮಣೂಕ ಹಸನು ಮಾಡಲು ಬರುವ ಒಬ್ಬ ಆಯಿ ಬೊಗಸೆ ಮುಂದೆ ಚಾಚಿದ್ದಳು. ಕಣ್ಣಿಗೂ ಬೊಗಸೆಗೂ ಒಂದು ಅಡಿ ಅಂತರ. ಕಣ್ಣು ಚೂಪಾದರೆ ಮಣೂಕ ಮಸುಕು, ಮಣೂಕ ಚೂಪಾದರೆ ಆಯಿ ಮಸುಕು. ಎರಡೂ ಬೇಕಂದರೆ ಎಫ್/5.6, ಆಗ ಆಳ 34 ಸೆಂ.ಮೀ. ಅಂದ್ರೆ ಯಾವ ಅಪರ್ಚರಿನಿಂದ ತಪ್ಪಿಸ್ಕೊಳ್ಳಾಕ ರೊಕ್ಕ ಕೊಟ್ಟಿದ್ದೆನೋ ವಾಪಸ್ ಅದಕ್ಕೇ! ಬೆಳಕು ಎಲ್ಲಿಂದ ತರೋದು? ಒಂದೇ ದಾರಿ: “ಆಯೀ, ಬಾಗಲ ಕಡೆ ನಾಕು ಹೆಜ್ಜಿ ಬರ್ತೀಯೇನು?” ಅಂತ ಕೇಳೋದು.

ಬಂದಳು. ಬಂದವಳು ಸುಮ್ಮನಿರಲಿಲ್ಲ. “ತಡಿ, ಸೆರಗು ಸರಿ ಮಾಡ್ಕೋತೀನಿ. ಆಧಾರ್ ಕಾರ್ಡಿನ್ಯಾಗ ನಾ ಸತ್ತಂಗ ಕಾಣ್ತೀನಿ. ನೀನರೆ ಬದಕಿದಂಗ ತಗಿ.” ತೆಗೆದ ಮೇಲೆ “ಎಲ್ಲಿ, ತೋರ್ಸು” ಅಂದಳು. ಪರದೆ ನೋಡಿ, “ಇದ್ರಾಗ ಕೈ ಛಂದ ಬಂದಾವ, ಮಾರಿ ಗಂಟ ಹಾಕ್ಕೊಂಡಂಗ ಐತಿ, ಮತ್ತೊಂದು ತಗಿ” ಅಂದಳು. ಮತ್ತೊಂದು ತೆಗೆದೆ. ಅದು ನಿಜಕ್ಕೂ ಚಲೋ ಇತ್ತು. 250ರಲ್ಲಿ ಶೆಡ್ಡಿನ ಆ ಕೊನೆಯಿಂದ ತೆಗೆದಿದ್ದರೆ ಆಯಿಗೆ ಗೊತ್ತೇ ಆಗ್ತಿರಲಿಲ್ಲ, ನನಗೂ ಇದು ಸಿಗ್ತಿರಲಿಲ್ಲ. ‘ಕ್ಯಾಂಡಿಡ್’ ಅಂತ ನಾವು ಕರೆಯೋದರಲ್ಲಿ ಅರ್ಧ, ಕೇಳೋಕೆ ನಾಚಿಕೆ ಅಂತ ದೂರ ನಿಲ್ಲೋದು.

ಆದರೆ ಈ ಲೆನ್ಸಿನ ನಿಜವಾದ ಪರೀಕ್ಷೆ ಆಗಿದ್ದು ಇನ್ನೊಂದು ದಿನ. ಆ ವರ್ಷ ಮಾಲು ಬಲೆಯ ಮೇಲಿದ್ದಾಗಲೇ ಮೋಡ ಹಾಕಿ ಹನಿ ಬಿತ್ತು. ಗಾಳಿಯಲ್ಲಿ ತೇವ ಇದ್ದರೆ ಒಣಗೋದು ತಡ, ಬಣ್ಣ ಇಳೀತದ. ನಮ್ಮ ಮಣೂಕ ಹಸಿರಿನಿಂದ ಕಂದು ಹಳದಿಗೆ ತಿರುಗಿತ್ತು. ತಾಸಗಾಂವದ ಒಬ್ಬ ವ್ಯಾಪಾರಿ ವಾಟ್ಸಾಪಿನಲ್ಲಿ ಫೋಟೋ ಕೇಳಿದ್ದರು. ಆ ಮಾಲಿನ ಮೇಲೆ ಔಷಧಿ ಅಂಗಡಿಯ ಬಾಕಿಯೂ ನನ್ನ ಐದನೇ ಸೆಮಿಸ್ಟರಿನ ಫೀಸೂ ನಿಂತಿದ್ದವು. ಅಪ್ಪ ಮೊದಲ ಸಲ ತಾವಾಗಿ ಅಂದರು: “ನಿನ್ನ ಕ್ಯಾಮೆರಾ ತಗೊಂಡ ಬಾ.”

ಐವತ್ತು 35 ಸೆಂ.ಮೀ. ತನಕ ಹತ್ತಿರ ಹೋಗ್ತದ, ಆಗ ಚೌಕಟ್ಟಿನ ಅಗಲ ಸುಮಾರು 10 ಸೆಂ.ಮೀ., ಒಂದು ಅಂಗೈ. ಅಂಗೈ ತುಂಬ ಮಣೂಕ ಹಿಡಿದು ಶೆಡ್ಡಿನೊಳಗೇ ತೆಗೆದೆ. ಪರದೆಯ ಮೇಲೆ ಅದ್ಭುತ ಬಂದಿತ್ತು. ಬರೋದೇ: ಮೇಲಿನ ಹಸಿರು ಜಾಳಿಗೆಯಿಂದ ಸೋಸಿ ಬಂದ ಬೆಳಕು ಪ್ರತಿ ಮಣೂಕಕ್ಕೂ ಹಸಿರು ಬಳಿದಿತ್ತು. ನಮ್ಮ ಕಣ್ಣು ಐದು ನಿಮಿಷದಲ್ಲಿ ಆ ಬೆಳಕಿಗೆ ಹೊಂದಿಕೊಳ್ತದ, ಗೊತ್ತೇ ಆಗಲ್ಲ. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಪೂರ್ತಿ ಹೊಂದಿಕೊಳ್ಳಲ್ಲ. ಜೊತೆಗಿದ್ದ ನನ್ನ ತಮ್ಮ ನೋಡಿ, “ಹಿಂಗೇ ಕಳಿಸ್ರಿ, ಒಂದ್ ನಂಬರ್ ಮಾಲ್ ಕಂಡಂಗ ಕಾಣ್ತದ” ಅಂದ. ಯಾವ ಫಿಲ್ಟರೂ ಹಾಕಿರಲಿಲ್ಲ, ಎಡಿಟಿಂಗೂ ಇಲ್ಲ. ಕ್ಯಾಮೆರಾ ಕಂಡದ್ದನ್ನೇ ಕೊಟ್ಟಿತ್ತು. ಹಾಗೇ ಕಳಿಸಿದ್ದರೆ ಸುಳ್ಳು ಹೇಳಿದಿರಿ ಅಂತ ಯಾರೂ ಅನ್ನುವಂತಿರಲಿಲ್ಲ. ನಾನು ಮಾತಾಡಲಿಲ್ಲ. ಫೀಸು ನನ್ನದು.

ಅಪ್ಪ ಪರದೆ ನೋಡಿದರು, ಅಂಗೈ ನೋಡಿದರು. “ಇಷ್ಟು ಹಸರ ಎಲ್ಲೈತೋ?” ಅಂದರು. ಜಾಳಿಗೆಯ ಬೆಳಕಿನ ವಿಷಯ ಹೇಳಿದೆ. “ಹಂಗಾರ ಹೊರಗ ನಡಿ. ಮಾಲು ಅಲ್ಲಿ ಹೋಗಿ ಇಳೀತದ. ಅವತ್ತು ಅಂವ ನೋಡೂದು ಫೋಟೋ ಅಲ್ಲ, ಮಣೂಕ.”

ಬೇವಿನ ಗಿಡದ ನೆರಳಿಗೆ ಬಂದರೆ ಎಲೆಯ ಹಸಿರೂ ಬೀಳ್ತದ. ಹಾಗಾಗಿ ಗೋಡೆಯ ನೆರಳು ಹುಡುಕಿ, ನನ್ನ ಅಸೈನ್ಮೆಂಟಿನ ಬಿಳಿ ಹಾಳೆ ಹಾಸಿ, ಮೊದಲು ಬರೀ ಹಾಳೆಯ ಫೋಟೋ ತೆಗೆದು ಅದರಿಂದ ವೈಟ್ ಬ್ಯಾಲೆನ್ಸ್ ಹೊಂದಿಸಿದೆ. ಆಮೇಲೆ ಮಣೂಕ ಹರವಿ ಮೇಲಿಂದ ನೇರ ಕೆಳಗೆ, ಎಫ್/8. ಹೊರಗಿನ ಬೆಳಕಿನಲ್ಲಿ 1.8ರ ಜರೂರು ಇರಲಿಲ್ಲ. ಬಂದ ಫೋಟೋ ಮಣೂಕದ್ದೇ ಬಣ್ಣ: ಕಂದು ಹಳದಿ, ಅಲ್ಲಲ್ಲಿ ಹಸಿರು. ಅದನ್ನೇ ಕಳಿಸಿದೆವು. ದರ ಅಪ್ಪ ಅಂದುಕೊಂಡದ್ದಕ್ಕಿಂತ ಕಡಿಮೆ ಬಂತು. ಆದರೆ ಮಾಲು ಇಳಿದ ದಿನ ಆಡಿದ ದರವೇ ಕೈಗೆ ಬಂತು, ಒಂದು ರೂಪಾಯಿ ಮುರಿಯಲಿಲ್ಲ. ಬಾಕಿ ಅರ್ಧ ತೀರಿತು. ಫೀಸಿಗೆ ಆ ಸಲವೂ ಮದುವೆಯಲ್ಲಿ ಲೈಟ್ ಹಿಡಿದೆ.

ಇನ್ನು ತಗೊಳ್ಳೋರಿಗೆ ನಾಕು ಮಾತು. ಒಂದು, ನಿಮ್ಮ ಹಳೆಯ ಫೋಟೋಗಳ ಎಕ್ಸಿಫ್ ತೆಗೆದು ಯಾವ ಫೋಕಲ್ ಲೆಂತ್‌ನಲ್ಲಿ ಹೆಚ್ಚು ತೆಗೆದೀರಿ ನೋಡ್ರಿ. ಎಲ್ಲಾ 55ರ ತುದಿಗೆ ಅಂಟಿದ್ದರೆ ಒಂದು ಉತ್ತರ, 18ಕ್ಕೆ ಅಂಟಿದ್ದರೆ ಇನ್ನೊಂದು. ಎರಡು, ನಿಕಾನ್‌ನ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಅಗ್ಗಕ್ಕೆ ಸಿಗುವ ಹಳೆಯ ಎಎಫ್-ಡಿ ಲೆನ್ಸ್ ಅದರಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಮೂರು, ಸೆಕೆಂಡ್ ಹ್ಯಾಂಡ್ ಆದರೆ ಮೊಬೈಲ್ ಟಾರ್ಚ್ ಲೆನ್ಸಿನ ಹಿಂದೆ ಹಿಡಿದು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಕೈ ಮುಗಿದು ಬನ್ನಿ. ನಾಕು, ನಮ್ಮ ಎರೆಭೂಮಿಯ ಬೇಸಿಗೆ ಗಾಳಿಯಲ್ಲಿ ಲೆನ್ಸ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಕೊಟ್ಟು, ಬಾಡಿಯ ಬಾಯಿ ಕೆಳಗೆ ಮಾಡಿ.

ಟೆಲಿ ನಾನಿನ್ನೂ ತಗೊಂಡಿಲ್ಲ. ಮಮದಾಪುರಕ್ಕೆ ಹೋಗುವಾಗ ಹಾಸ್ಟೆಲ್ ಗೆಳೆಯನದು ಕಡ ತರ್ತೀನಿ, ಪ್ರತಿಯಾಗಿ ಅವನ ಅಕ್ಕನ ಮದುವೆಗೆ ನನ್ನ ಐವತ್ತು ಹೋಗಿತ್ತು. ಆಯಿಯ ಫೋಟೋ ವಿಜಯಪುರದಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟೆ, ಎರಡು ಪ್ರತಿ, ಒಂದು ಮಗಳಿಗಂತೆ. ಅಪ್ಪ ಈಗಲೂ ಐವತ್ತನ್ನು ಕುಂಟ ಅಂತಲೇ ಕರೀತಾರೆ. ಆದರೆ ವ್ಯಾಪಾರಿ ಫೋಟೋ ಕೇಳಿದಾಗ “ಕುಂಟನ್ನ ತಗೊಂಡ ಬಾ” ಅಂದು, ಬಿಳಿ ಹಾಳೆ ತಾವೇ ಹಿಡ್ಕೊಂಡು ಗೋಡೆ ನೆರಳಿಗೆ ನಡೀತಾರೆ.